ಮಗು ಬಣ್ಣದ ಹೆಸರು ತಪ್ಪಾಗಿ ಹೇಳಿದರೆ ಅದು ಬಣ್ಣಗುರುಡೇ?

ಮೂರು ವರ್ಷದ ಮಗು ಹಸಿರನ್ನು 'ಕೆಂಪು' ಎಂದರೆ ಬಣ್ಣಗುರುಡು ಇರಬಹುದೆಂದು ಹಲವು ಪೋಷಕರು ಹೆದರುತ್ತಾರೆ. ಇದು ನಿಜವೇ?

ಅಷ್ಟರಿಂದಲೇ ಹಾಗೆ ಹೇಳಲಾಗದು. ಬಣ್ಣ ಕಾಣುವುದು ಬೇರೆ, ಅದರ ಹೆಸರು ಕಲಿಯುವುದು ಬೇರೆ. ಸುಮಾರು 5 ತಿಂಗಳಿಗೇ ಶಿಶುವಿಗೆ ಬಣ್ಣಗಳು ಚೆನ್ನಾಗಿ ಕಾಣುತ್ತವೆ. ಹೆಸರುಗಳು ಮಾತ್ರ ಸಾಮಾನ್ಯವಾಗಿ 2ರಿಂದ 4 ವರ್ಷದ ನಡುವೆ ನಿಧಾನವಾಗಿ ಬರುತ್ತವೆ. 'ಚೆಂಡು' ಕೈಗೆ ಸಿಗುವ ವಸ್ತು. 'ಕೆಂಪು' ಹಾಗಲ್ಲ, ಅದು ಟೊಮೆಟೊದಲ್ಲೂ ಇದೆ, ಕುಂಕುಮದಲ್ಲೂ ಇದೆ.

ಹಾಗಾದರೆ ಏನು ಮಾಡಬೇಕು?

ಇಡೀ ಕ್ರೆಯಾನ್ ಡಬ್ಬಿಯ ಬದಲು ಮೊದಲು ಎರಡೇ ಬಣ್ಣ ಕೊಡಿ. ಮಗು ಬಣ್ಣ ತುಂಬುವಾಗ 'ಎಲೆ ಹಸಿರು, ಟೊಮೆಟೊ ಕೆಂಪು' ಎಂದು ಹೇಳುತ್ತಿರಿ. ಹೆಸರು ಕೇಳುವ ಬದಲು 'ಇಂಥದ್ದೇ ಇನ್ನೊಂದು ಕೊಡು' ಎನ್ನಿ. ಸರಿಯಾಗಿ ಕೊಟ್ಟರೆ ತೊಡಕು ಹೆಸರಿನದ್ದೇ ಇರಬಹುದು.

ಜೋಡಿಸುವಾಗಲೂ ಕೆಂಪು–ಹಸಿರು, ಹಸಿರು–ಕಂದು ಪದೇ ಪದೇ ಅದಲುಬದಲಾದರೆ ಕಣ್ಣಿನ ವೈದ್ಯರಿಗೆ ತೋರಿಸಿ. ಬಣ್ಣಗುರುಡು ಹೆಚ್ಚಾಗಿ ಹುಟ್ಟಿನಿಂದಲೇ ಬರುತ್ತದೆ, ಗಂಡುಮಕ್ಕಳಲ್ಲಿ ಹೆಚ್ಚು. ಅದು ದಡ್ಡತನವಲ್ಲ.

ನಮ್ಮ ಸಲಹೆ: ತಪ್ಪು ಹೇಳಿದ ಮಗುವನ್ನು ಗದರಬೇಡಿ, ಹೆದರಿಸುವ ಸಂದೇಶ ಬಂದರೆ ಫಾರ್ವರ್ಡ್ ಮಾಡಬೇಡಿ.