ಮಹನೀಯರ ವಸ್ತುಗಳೂ ಹರಾಜಿನ ಬೆಲೆಯೂ

ಹಳೆಯ ಕನ್ನಡಕವೊಂದನ್ನು ಸಂತೆಯಲ್ಲಿಟ್ಟರೆ ಕೊಳ್ಳುವವರು ಸಿಕ್ಕುವುದೇ ಕಷ್ಟ. ಆದರೆ ಗಾಂಧೀಜಿಯವರು ಧರಿಸಿದ್ದೆಂದು ನಂಬಲಾದ ಒಂದು ಕನ್ನಡಕವು 2020ರ ಆಗಸ್ಟ್ ತಿಂಗಳಲ್ಲಿ ಇಂಗ್ಲೆಂಡಿನ ಬ್ರಿಸ್ಟಲಿನಲ್ಲಿ 2,60,000 ಪೌಂಡಿಗೆ ಹರಾಜಾಯಿತು. ಅಪರಿಗ್ರಹವನ್ನೇ ವ್ರತವಾಗಿ ಹಿಡಿದವರ ವಸ್ತುವಿಗೆ ಇಷ್ಟು ಬೆಲೆ ಬಂದುದು ವಿಧಿಯ ವಿನೋದವೇ ಸರಿ. ಈ ಬೆಲೆ ಬರುವುದಾದರೂ ಎಲ್ಲಿಂದ?

ಹರಾಜಿನ, ನಮ್ಮ ಕಡೆಯ ಮಾತಿನಲ್ಲಿ ಲಿಲಾವಿನ, ಕ್ರಮ ಹೀಗಿದೆ. ಹರಾಜು ಸಂಸ್ಥೆಯ ತಜ್ಞರು ವಸ್ತುವನ್ನು ಪರೀಕ್ಷಿಸಿ ಅಂದಾಜು ಬೆಲೆಯನ್ನು ಪ್ರಕಟಿಸುತ್ತಾರೆ. ಇದಕ್ಕಿಂತ ಕಡಿಮೆಗೆ ಕೊಡಲಾರೆನೆಂದು ಒಡೆಯನು ಗುಟ್ಟಾಗಿ ಒಂದು ಮಿತಿಯನ್ನು ಗೊತ್ತುಮಾಡಬಹುದು. ಕೂಗು ಏರಿ, ಸುತ್ತಿಗೆಯ ಪೆಟ್ಟು ಬಿದ್ದ ಮೇಲೆ ಸಂಸ್ಥೆಯ ಶುಲ್ಕವೂ ಕೊಳ್ಳುವವನ ಲೆಕ್ಕಕ್ಕೆ ಸೇರುತ್ತದೆ. ಆದರೆ ಇವೆಲ್ಲಕ್ಕೂ ಆಧಾರ ಒಂದೇ: ವಸ್ತುವು ಯಾರ ಕೈಯಿಂದ ಯಾರ ಕೈಗೆ ಬಂದಿತೆಂಬ ದಾಖಲೆ. ಇದನ್ನು ಒಡೆತನದ ವಂಶಾವಳಿ ಎನ್ನಬಹುದು.

ಕನ್ನಡ ನಾಡಿಗೆ ಸಂಬಂಧಿಸಿದ ನಿದರ್ಶನವನ್ನೇ ನೋಡೋಣ. 1799ರ ಮೇ 4ರಂದು ಶ್ರೀರಂಗಪಟ್ಟಣವು ಬಿದ್ದಿತು. ಟೀಪು ಸುಲ್ತಾನನು ಹೋರಾಡುತ್ತ ಮಡಿದನು. ಅವನ ಶಯನಗೃಹದಲ್ಲಿ ದೊರೆತ ಖಡ್ಗವನ್ನು, ಕೋಟೆಗೆ ಲಗ್ಗೆಯಿಟ್ಟ ಸೇನಾನಿ ಡೇವಿಡ್ ಬೇರ್ಡನಿಗೆ ಉಡುಗೊರೆಯಾಗಿ ಕೊಟ್ಟರು. ಆ ಖಡ್ಗವನ್ನು 2023ರ ಮೇ 23ರಂದು ಲಂಡನ್ನಿನಲ್ಲಿ ಬಾನ್‌ಹ್ಯಾಮ್ಸ್ ಸಂಸ್ಥೆಯು ಹರಾಜು ಹಾಕಿತು. ಅಂದಾಜು 15ರಿಂದ 20 ಲಕ್ಷ ಪೌಂಡು. ಬಂದುದು ಶುಲ್ಕವೂ ಸೇರಿ 1 ಕೋಟಿ 40 ಲಕ್ಷಕ್ಕೂ ಮೇಲೆ. ಇತಿಹಾಸವು ಅದರೊಡನೆ ಬರಹದಲ್ಲಿ ಉಳಿದು ಬಂದಿರದಿದ್ದರೆ ಅದು ಹತ್ತರಲ್ಲಿ ಹನ್ನೊಂದನೆಯ ಕತ್ತಿಯಾಗುತ್ತಿತ್ತು.

ಇಂಥವುಗಳನ್ನು ಕಾನೂನು ತಡೆಯಲಾರದೆ ಎಂದು ಕೇಳಬಹುದು. 1972ರ ಪುರಾತನ ವಸ್ತುಗಳ ಕಾಯಿದೆಯಂತೆ ನೂರು ವರ್ಷ ದಾಟಿದ ವಸ್ತುಗಳನ್ನೂ, 75 ವರ್ಷ ದಾಟಿದ ಮಹತ್ವದ ಹಸ್ತಪ್ರತಿಗಳನ್ನೂ ಖಾಸಗಿಯವರು ಹೊರದೇಶಕ್ಕೆ ಸಾಗಿಸುವಂತಿಲ್ಲ. ಆದರೆ ಅದಕ್ಕೆ ಮೊದಲೇ ಕಡಲು ದಾಟಿದವನ್ನು ಈ ಕಾಯಿದೆಯು ಮುಟ್ಟಲಾರದು. ಆಗ ಉಳಿಯುವುದು ಕ್ರಯ, ಇಲ್ಲವೆ ಒತ್ತಾಯ. ಗಾಂಧೀಜಿ ಮತ್ತು ಕ್ಯಾಲೆನ್‌ಬಾಕ್‌ರಿಗೆ ಸೇರಿದ ಪತ್ರಸಂಗ್ರಹವನ್ನು 2012ರಲ್ಲಿ ಭಾರತ ಸರಕಾರವು ಹರಾಜಿಗೆ ಮುನ್ನವೇ ಕೊಂಡುಕೊಂಡಿತು. 1898ರಲ್ಲಿ ಪಿಪ್ರಾಹ್ವಾ ಸ್ತೂಪದಲ್ಲಿ ದೊರೆತ ರತ್ನಗಳ ಹರಾಜು 2025ರ ಮೇ ತಿಂಗಳಲ್ಲಿ ಹಾಂಗ್‌ಕಾಂಗಿನಲ್ಲಿ ನಡೆಯುವುದರಲ್ಲಿತ್ತು. ಸರಕಾರದ ಆಕ್ಷೇಪದಿಂದ ಅದು ನಿಂತು, ಜುಲೈಯಲ್ಲಿ ಅವು ಸ್ವದೇಶಕ್ಕೆ ಮರಳಿದವು.

ಇನ್ನು ನಮ್ಮ ಗಡಿನಾಡಿನ ಮಾತು. ಇಲ್ಲಿ ರಾಜಖಡ್ಗಗಳಿಲ್ಲ, ಆದರೆ ಹಳೆಯ ಮನೆಗಳ ಮಾಡಿನಲ್ಲಿ ಮೋಡಿ ಲಿಪಿಯ ಕಾಗದಗಳು, ತಾಳೆಗರಿಗಳು, ಬಯಲಾಟದ ಕೈಬರಹದ ವಹಿಗಳು ಇನ್ನೂ ಇವೆ. ಒಮ್ಮೆ ತರಗತಿಯಲ್ಲಿ ಈ ವಿಷಯ ಹೇಳಿದಾಗ ಹುಡುಗನೊಬ್ಬ ಎದ್ದು, “ನಮ್ಮ ಮುತ್ಯಾನ ಗಂಟು ದೀಪಾವಳಿಗೆ ರದ್ದಿಗೆ ಹೋತ್ರಿ, ಸರ್” ಎಂದನು. ಆ ಗಂಟಿನಲ್ಲಿ ಏನಿತ್ತೆಂದು ಹೇಳಬಲ್ಲವರು ಆ ಮನೆಯಲ್ಲಿ ಯಾರೂ ಉಳಿದಿರಲಿಲ್ಲ.

ಆದುದರಿಂದ ಶಿಕ್ಷಕ ಬಂಧುಗಳಲ್ಲಿ ನನ್ನ ಅರಿಕೆ ಇಷ್ಟೆ. ಪ್ರತಿ ಶಾಲೆಯಲ್ಲಿಯೂ ಒಂದು ವಹಿಯನ್ನಿಡಿರಿ. ಊರಿನ ಮನೆಗಳಲ್ಲಿರುವ ಹಳೆಯ ವಸ್ತು ಯಾವುದು, ಯಾರದು, ಯಾರಿಂದ ಬಂದಿತು, ಹೇಳಿದವರಾರು ಎಂಬುದನ್ನು ತಾರೀಖು ಸಹಿತ ಬರೆಯಿಸಿರಿ. ಒಂದು ಚಿತ್ರವನ್ನೂ ತೆಗೆದಿಡಿರಿ. ವಸ್ತುವು ಅದರ ಮನೆಯಲ್ಲಿಯೇ ಇರಲಿ. ಹೇಳುವ ಹಿರಿಯರು ಇರುವಾಗಲೇ ಈ ಕೆಲಸವಾಗಬೇಕು.