ಉಪ್ಪಿನ ಪ್ಯಾಕೆಟ್ಟಿನ ಮೇಲೆ ಒಮ್ಮೆ ಕಣ್ಣಾಡಿಸಿ

ದಿಲ್ಲಿ ಕಡೆ ನವರಾತ್ರಿ ಉಪವಾಸಕ್ಕೆ ಸೈಂಧವ ಲವಣವೇ ಆಗಬೇಕು. ಇಲ್ಲಿಯವರ ಬಾಯಲ್ಲಿ ಅದು ‘ಸೇಂಧಾ ನಮಕ್’. ವ್ರತದ ಈ ಉಪ್ಪು ಈಗ ವರ್ಷವಿಡೀ ಬಳಕೆಗೆ ಬರುತ್ತಿದೆ. ನೋಯ್ಡಾದ ಕನ್ನಡಿಗ ಗೆಳೆಯರ ಅಡುಗೆಮನೆಗಳಲ್ಲೂ ಗುಲಾಬಿ ಉಪ್ಪಿನ ಡಬ್ಬಿ ಕಾಣುತ್ತೇನೆ. ‘ನೈಸರ್ಗಿಕ, ಕೆಮಿಕಲ್ ಇಲ್ಲ’ ಎಂಬುದು ಅದರ ಹೆಗ್ಗಳಿಕೆ. ಗರ್ಭಿಣಿಯಾಗಿರುವ ನನ್ನ ತಂಗಿ ಮೈಸೂರಿನಿಂದ ಫೋನ್ ಮಾಡಿ, ‘ಅಣ್ಣಾ, ನಾನೂ ಅದನ್ನೇ ತರಿಸ್ಲಾ?’ ಎಂದಳು. ಬೇಡ ಎಂದೆ. ಕಾರಣ, ಅಯೋಡಿನ್.

ವಯಸ್ಕರಿಗೆ ಬೇಕಾದ ಅಯೋಡಿನ್ ದಿನಕ್ಕೆ 150 ಮೈಕ್ರೋಗ್ರಾಂ ಮಾತ್ರ. ಎಪ್ಪತ್ತು ವರ್ಷದ್ದನ್ನು ಒಟ್ಟು ಸೇರಿಸಿದರೂ ನಾಲ್ಕು ಗ್ರಾಂ ದಾಟದು. ಆದರೆ ದೇಹ ಇದನ್ನು ಬಹುಕಾಲ ಕೂಡಿಡಲಾರದು, ಹಾಗಾಗಿ ನಿತ್ಯವೂ ಸಿಗುತ್ತಿರಬೇಕು. ಥೈರಾಯ್ಡ್ ಗ್ರಂಥಿ ಹಾರ್ಮೋನು ತಯಾರಿಸುವುದು ಇದರಿಂದಲೇ. ಕೊರತೆಯಾದರೆ ಗ್ರಂಥಿ ಊದಿ ಗಳಗಂಡವಾಗುತ್ತದೆ. ಗರ್ಭಿಣಿಯಲ್ಲಿ ತೀವ್ರ ಕೊರತೆಯಾದರೆ ಮಗುವಿನ ಮಿದುಳಿನ ಬೆಳವಣಿಗೆಯೇ ಕುಂಠಿತವಾಗುತ್ತದೆ. ಆ ನಷ್ಟವನ್ನು ಆಮೇಲೆ ತುಂಬಿಕೊಡಲಾಗದು. ಅದಕ್ಕೇ ವಿಶ್ವ ಆರೋಗ್ಯ ಸಂಸ್ಥೆ ಗರ್ಭಿಣಿಯರಿಗೆ 250 ಮೈಕ್ರೋಗ್ರಾಂ ಎನ್ನುತ್ತದೆ.

ಮಳೆ, ಪ್ರವಾಹ, ಹಿಮನದಿಗಳು ಮಣ್ಣಿನ ಅಯೋಡಿನ್ನನ್ನು ತೊಳೆದೊಯ್ಯುತ್ತವೆ. ಅಂಥ ಮಣ್ಣಿನಲ್ಲಿ ಬೆಳೆದ ಧಾನ್ಯ, ತರಕಾರಿಯಲ್ಲೂ ಅದು ಕಡಿಮೆ. ಹಿಮಾಲಯದ ತಪ್ಪಲಿನಲ್ಲಿ ಗಳಗಂಡ ಮನೆಮಾತಾಗಿದ್ದುದು ಹೀಗೆ. ನಮ್ಮ ಚಿಕ್ಕಮಗಳೂರಿನಂಥ ಮಲೆನಾಡ ಜಿಲ್ಲೆಗಳಲ್ಲೂ ಅದು ಕಂಡುಬಂದಿದೆ.

ಇದಕ್ಕೆ ಉಪ್ಪೇ ಮದ್ದು ಎಂದು ನಮ್ಮ ದೇಶದಲ್ಲಿ ತೋರಿಸಿದ್ದು ಇಂದಿನ ಹಿಮಾಚಲ ಪ್ರದೇಶದ ಕಾಂಗ್ರಾ ಕಣಿವೆ. ಮುಂದೆ ದಿಲ್ಲಿಯ ಏಮ್ಸ್ ನಿರ್ದೇಶಕರಾದ ಡಾ. ವಿ. ರಾಮಲಿಂಗಸ್ವಾಮಿ ಮತ್ತು ಸಂಗಡಿಗರು 1956ರಲ್ಲಿ ಕಣಿವೆಯನ್ನು ಮೂರು ವಲಯಗಳಾಗಿ ವಿಂಗಡಿಸಿದರು. ಎರಡಕ್ಕೆ ಅಯೋಡಿನ್ ಬೆರೆಸಿದ ಉಪ್ಪು, ಒಂದಕ್ಕೆ ಮಾಮೂಲಿ ಉಪ್ಪು. ಸಾಫ್ಟ್‌ವೇರ್‌ನವರಾದ ನಾವು ಇಂದು ‘ಎ/ಬಿ ಟೆಸ್ಟಿಂಗ್’ ಎನ್ನುವುದು ಇದನ್ನೇ. ಕೆಲವೇ ವರ್ಷಗಳಲ್ಲಿ ಅಯೋಡಿನ್ ಸಿಕ್ಕ ವಲಯಗಳ ಮಕ್ಕಳಲ್ಲಿ ಗಳಗಂಡ ಗಣನೀಯವಾಗಿ ಇಳಿಯಿತು. ಆಮೇಲೆ ಮೂರನೆಯ ವಲಯಕ್ಕೂ ಅದೇ ಉಪ್ಪು ಬಂತು. 1962ರಲ್ಲಿ ರಾಷ್ಟ್ರೀಯ ಗಳಗಂಡ ನಿಯಂತ್ರಣ ಕಾರ್ಯಕ್ರಮ ಆರಂಭವಾಯಿತು.

ಗಳಗಂಡ ಈಗ ಅಷ್ಟಾಗಿ ಕಣ್ಣಿಗೆ ಬೀಳದಿರುವುದೇ ನಮ್ಮ ಮರೆವಿಗೆ ಕಾರಣವಿರಬೇಕು. ಗುಲಾಬಿ ಉಪ್ಪಿನ ಬಣ್ಣ ಕಬ್ಬಿಣದ ಅಂಶದ್ದು. ಆದರೆ ಚಿಟಿಕೆ ಉಪ್ಪಿನಿಂದ ದೇಹಕ್ಕೆ ದಕ್ಕುವ ಕಬ್ಬಿಣ ಲೆಕ್ಕಕ್ಕಿಲ್ಲ. ಬೆರೆಸದ ಹೊರತು ಅದರಲ್ಲಿ ಸಾಕಷ್ಟು ಅಯೋಡಿನ್ ಇರುವುದಿಲ್ಲ. ಕಲ್ಲುಪ್ಪಿಗೂ ಇದೇ ಮಾತು.

ಹಾಗೆಂದು ಉಪ್ಪು ಹೆಚ್ಚು ತಿನ್ನಬೇಕಿಲ್ಲ. ದಿನಕ್ಕೆ ಐದು ಗ್ರಾಂ ಒಳಗಿರಲಿ, ಆದರೆ ಅದು ಅಯೋಡಿನ್‌ಯುಕ್ತವಾಗಿರಲಿ. ಹಾಲು, ಮೊಟ್ಟೆ, ಸಮುದ್ರದ ಮೀನಿನಿಂದಲೂ ಅಯೋಡಿನ್ ಸಿಗುತ್ತದೆ. ಉಪ್ಪಿನ ಡಬ್ಬಿಯ ಮುಚ್ಚಳ ಬಿಗಿಯಾಗಿರಲಿ, ಒಲೆಯ ಪಕ್ಕ ಇಡಬೇಡಿ. ಸಾರಿಗೆ ಉಪ್ಪನ್ನು ಕೊನೆಯಲ್ಲಿ ಹಾಕಿ. ಥೈರಾಯ್ಡ್ ತೊಂದರೆ ಇದ್ದವರು ವೈದ್ಯರನ್ನು ಕೇಳಿಯೇ ಮುಂದುವರಿಯಲಿ. ಉಳಿದವರು ಮುಂದಿನ ಸಲ ಅಂಗಡಿಯಲ್ಲಿ ಪ್ಯಾಕೆಟ್ ತಿರುಗಿಸಿ ನೋಡಿ: ‘ಅಯೋಡೈಸ್ಡ್’ ಎಂದಿದೆಯೇ?