ನೆರೆ ಇಳಿದ ಮೇಲೆ ಮಂಡಗದ್ದೆ ಸೀಮೆಯ ರೈತರು ಕೈಕೊಳ್ಳತಕ್ಕ ಕ್ರಮಗಳು

ಗಂಗಾಮೂಲದಲ್ಲಿ ಹುಟ್ಟಿದ ತುಂಗಾನದಿಯು ಶೃಂಗೇರಿ, ತೀರ್ಥಹಳ್ಳಿಗಳನ್ನು ದಾಟಿ, ಆಗುಂಬೆಯ ಕಡೆಯಿಂದ ಬರುವ ಮಾಲತಿಯನ್ನೂ ಕೂಡಿಕೊಂಡು ಮಂಡಗದ್ದೆಯನ್ನು ತಲಪುವಷ್ಟರಲ್ಲಿ ಘಟ್ಟದ ಮಳೆಯ ನೀರನ್ನು ಹೇರಳವಾಗಿ ಹೊತ್ತು ತರುತ್ತದೆ. ಸಮುದ್ರದ ಚಂಡಮಾರುತವು ಮಲೆನಾಡನ್ನು ನೇರವಾಗಿ ಹೊಡೆಯುವುದು ಅಪರೂಪ. ಆದರೆ ಬಂಗಾಳ ಕೊಲ್ಲಿಯಲ್ಲಿ ವಾಯುಭಾರವು ಕುಸಿದಾಗ ನೈಋತ್ಯ ಮಾರುತವು ಬಲಗೊಂಡು, ಘಟ್ಟದಲ್ಲಿ ಎಡೆಬಿಡದೆ ಮಳೆ ಸುರಿಯುವುದುಂಟು. 2019ನೆಯ ಇಸವಿ ಆಗಸ್ಟ್ ತಿಂಗಳಿನ ಅತಿವೃಷ್ಟಿಯಲ್ಲಿ ತುಂಗೆಯು ಉಕ್ಕಿ ಹರಿದುದು ಈ ಸೀಮೆಯವರ ನೆನಪಿನಲ್ಲಿಯೇ ಇದೆ. ತೀರ್ಥಹಳ್ಳಿಯ ರಾಮಮಂಟಪವು ಮುಳುಗಿತೆಂಬ ವರ್ತಮಾನ ಬಂದೊಡನೆ ಹೊಳೆಯ ಅಂಚಿನವರು ದನಕರುಗಳನ್ನೂ ಬಿತ್ತನೆಯ ಬೀಜವನ್ನೂ ಎತ್ತರದ ಸ್ಥಳಕ್ಕೆ ಸಾಗಿಸುವುದು ಉತ್ತಮ.

ನೆರೆಯು ಸಾಮಾನ್ಯವಾಗಿ ಕೆಲವು ದಿನಗಳಲ್ಲಿ ಇಳಿಯುತ್ತದೆ. ಆದರೆ ತೋಟದಲ್ಲಿ ನಿಂತ ನೀರು ಇಳಿಯದೆ ಉಳಿದರೆ ಅಡಕೆಮರದ ಬೇರುಗಳಿಗೆ ಗಾಳಿಯು ದೊರೆಯದೆ ಅವು ಕೊಳೆಯತೊಡಗುವುವು. ಗರಿ ಹಳದಿಯಾಗುವುದೂ ಕಾಯಿ ಉದುರುವುದೂ ಆ ಬಳಿಕ ಕಾಣುತ್ತವೆ. ಆದಕಾರಣ ಗೊಬ್ಬರ, ಔಷಧಗಳ ಯೋಚನೆಗೆ ಮೊದಲು ಬಸಿಗಾಲುವೆಗಳನ್ನು ಬಿಡಿಸತಕ್ಕದ್ದು. ಈ ಕೆಲಸವನ್ನು ತೋಟದ ಕೆಳತುದಿಯಿಂದ ಪ್ರಾರಂಭಿಸಿ ಮೇಲಕ್ಕೆ ಬರಬೇಕು. ಕಾಲುವೆಯು ಬೇರುಗಳ ಮಟ್ಟಕ್ಕಿಂತ ಒಂದು ಗೇಣಿನಷ್ಟಾದರೂ ಆಳವಾಗಿರುವುದು ಅವಶ್ಯಕ. ಮೇಲಿನವನ ನೀರು ಕೆಳಗಿನವನ ತೋಟದ ಮೂಲಕವೇ ಹಾಯಬೇಕಾದುದರಿಂದ, ಒಬ್ಬನು ತನ್ನ ಕಾಲುವೆಯನ್ನು ಮುಚ್ಚಿಕೊಂಡರೆ ಇಡೀ ಕಣಿವೆಯ ತೋಟಗಳಿಗೆ ಕೇಡು. ಊರಿನವರು ಹಿಂದಿನ ಮನಸ್ತಾಪಗಳನ್ನು ಬದಿಗಿಟ್ಟು, ಕೂಡಿ ಹಾರೆ ಗುದ್ದಲಿಗಳನ್ನು ಹಿಡಿದರೆ ಒಬ್ಬಿಬ್ಬರಿಂದ ವಾರಗಟ್ಟಲೆ ಹಿಡಿಯುವ ಕೆಲಸವು ಬಹು ಬೇಗನೆ ಮುಗಿಯುವುದು. ಮರದ ಬುಡದಲ್ಲಿ ದಪ್ಪನಾಗಿ ಕುಳಿತ ಹೂಳನ್ನು ಬೇರಿಗೆ ಪೆಟ್ಟಾಗದಂತೆ ತೆಗೆಯತಕ್ಕದ್ದು.

ಎರಡನೆಯ ಶತ್ರುವು ಕೊಳೆರೋಗ. ಮೈಸೂರು ಸಂಸ್ಥಾನದ ವ್ಯವಸಾಯದ ಇಲಾಖೆಯಲ್ಲಿದ್ದ ಡಾಕ್ಟರ್ ಲೆಸ್ಲಿ ಕೋಲ್ಮನ್ನರು 1910ರಲ್ಲಿಯೇ ಈ ರೋಗವನ್ನು ಕುರಿತು ಗ್ರಂಥವನ್ನು ಪ್ರಕಟಿಸಿದ್ದರು. ಬೋರ್ಡೋ ದ್ರಾವಣವು ಇಂದಿಗೂ ಇದಕ್ಕೆ ನಂಬತಕ್ಕ ಔಷಧವಾಗಿದೆ. 1 ಕಿಲೋಗ್ರಾಂ ಮೈಲುತುತ್ತವನ್ನು 50 ಲೀಟರ್ ನೀರಿನಲ್ಲಿಯೂ, 1 ಕಿಲೋಗ್ರಾಂ ಒಳ್ಳೆಯ ಸುಣ್ಣವನ್ನು ಬೇರೆ 50 ಲೀಟರ್ ನೀರಿನಲ್ಲಿಯೂ ಕರಗಿಸಿ, ತುತ್ತದ ನೀರನ್ನು ಸುಣ್ಣದ ನೀರಿಗೆ ಕಲಕುತ್ತಾ ಸುರಿಯಬೇಕು. ಕಬ್ಬಿಣದ ಪಾತ್ರೆ ಕೂಡದು. ಉಜ್ಜಿದ ಚಾಕುವನ್ನು ಅದ್ದಿ ನೋಡಿದಾಗ ಅಲಗು ಕೆಂಪಡರಿದರೆ ಇನ್ನಷ್ಟು ಸುಣ್ಣವನ್ನು ಸೇರಿಸತಕ್ಕದ್ದು. ಬೆರಸಿದ ದ್ರಾವಣವನ್ನು ಅದೇ ದಿನ ಮುಗಿಸಬೇಕು. ಮಳೆ ಹೊಳವಾದ ಹೊತ್ತನ್ನು ನೋಡಿ ಗೊನೆಗಳು ಚೆನ್ನಾಗಿ ನೆನೆಯುವಂತೆ ಹೊಡೆಯಬೇಕು. ಕೆಳಗೆ ಉದುರಿದ ರೋಗದ ಕಾಯಿಗಳನ್ನು ತೋಟದಲ್ಲಿ ಬಿಡದೆ ಆರಿಸಿ ನಾಶಮಾಡತಕ್ಕದ್ದು. ಒದ್ದೆ ಮರವನ್ನು ಏರುವುದು ಅಪಾಯಕರವಾದುದರಿಂದ ಕೊನೆಗಾರನನ್ನು ಅವಸರಪಡಿಸಬಾರದು. ಒಂದು ಗೊನೆಗಾಗಿ ಒಂದು ಜೀವವನ್ನು ಪಣವೊಡ್ಡುವುದು ಯಾವ ಲೆಕ್ಕಕ್ಕೂ ಸಲ್ಲದು.

ಗದ್ದೆಗಳ ವಿಷಯದಲ್ಲಿ, ಬದುವಿನ ಬಾಯಿಯನ್ನು ತೆರೆದು ನೀರನ್ನು ಇಳಿಸಿ, ಪೈರಿನ ಸುಳಿಯು ಹಸುರಾಗಿದೆಯೇ ಎಂಬುದನ್ನು ಪರೀಕ್ಷಿಸಬೇಕು. ಸುಳಿ ಹಸುರಾಗಿದ್ದರೆ ಪೈರು ಚೇತರಿಸಿಕೊಳ್ಳುವುದು, ಅವಸರದಿಂದ ಉತ್ತುಹಾಕಬಾರದು. ಸತ್ತ ಬುಡಗಳ ಸ್ಥಳಕ್ಕೆ, ಬದುಕಿರುವ ದೊಡ್ಡ ಬುಡಗಳಿಂದ ತೆಂಡೆಗಳನ್ನು ಸೀಳಿ ನೆಡಬಹುದು. ಹೊಸ ಎಲೆ ಮೂಡುವವರೆಗೆ ಯೂರಿಯಾ ಹಾಕತಕ್ಕದ್ದಲ್ಲ. ಸೊರಗಿದ ಬೇರು ಅದನ್ನು ಹೀರಲಾರದು. ಹಣವು ನೀರಿನೊಡನೆ ಹೊಳೆಗೆ ಹೋಗುವುದು.

ಕೊನೆಯದಾಗಿ, ನಷ್ಟವನ್ನು ಮುಚ್ಚಿಟ್ಟುಕೊಂಡು ಮನೆಯಲ್ಲಿ ಕೊರಗುವುದರಿಂದ ಪ್ರಯೋಜನವಿಲ್ಲ. ಬೆಳೆಯು ಸೇಕಡಾ 33 ಅಥವಾ ಅದಕ್ಕೂ ಮೀರಿ ಹಾಳಾಗಿದ್ದರೆ ಸರ್ಕಾರದ ಪರಿಹಾರಕ್ಕೆ ಅವಕಾಶವುಂಟು. ಹೂಳನ್ನು ತೆಗೆಯುವ ಮೊದಲೇ ತೋಟ ಗದ್ದೆಗಳ ಛಾಯಾಚಿತ್ರಗಳನ್ನು ತೆಗೆದಿಟ್ಟು, ಪಹಣಿಯೊಡನೆ ಗ್ರಾಮದ ಆಡಳಿತಾಧಿಕಾರಿಗೂ ರೈತ ಸಂಪರ್ಕ ಕೇಂದ್ರಕ್ಕೂ ತಿಳಿಸತಕ್ಕದ್ದು. ಅಡಕೆಯ ಸಸಿಯು ಫಲಕ್ಕೆ ಬರಲು ಐದಾರು ವರ್ಷಗಳು ಬೇಕು. ಬುಡದ ನೀರನ್ನು ಕಾಲದಲ್ಲಿ ಬಸಿದು ಉಳಿಸಿಕೊಂಡ ಒಂದೊಂದು ಮರವೂ ಒಕ್ಕಲಿನ ಅಷ್ಟು ವರ್ಷಗಳ ದುಡಿಮೆಯನ್ನು ಉಳಿಸಿದಂತೆ.